ಕೊನೆಗೂ ಉಣ್ಣೆ ಬಟ್ಟೆ ಸಿಕ್ಕಿತು

ಗ್ರೀನ್‌ಲ್ಯಾಂಡ್‌ನ ಹೆರ್ಯೋಲ್ಫ್ಸ್‌ನೆಸ್‌ನಲ್ಲಿ 1921ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಪೌಲ್ ನೋರ್ಲುಂಡ್ ಹಳೇ ಸ್ಮಶಾನದಿಂದ ಅಗೆದು ತೆಗೆದ ಉಣ್ಣೆಯ ಅಂಗಿಗಳಿವೆಯಲ್ಲ, ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸುಮಾರು ಐನೂರು ವರ್ಷ ಹಾಗೇ ಉಳಿದಿದ್ದವು, ಅಂಥದ್ದೇ ಒಂದು ಉದ್ದನೆಯ ಅಂಗಿ ಹೊಲಿಯಬೇಕು ಅಂತ ನನಗೆ ತುಂಬಾ ದಿನದ ಆಸೆ. ಅವು ಹೆಚ್ಚಾಗಿ ಟ್ವಿಲ್ ನೇಯ್ಗೆ. ಜೀನ್ಸಿನಲ್ಲಿ ಕಾಣುತ್ತಲ್ಲ, ಆ ಓರೆ ಗೆರೆ.

ಮೊದಲು ತರಿಸಿದ ಬಟ್ಟೆ ಪೂರ್ತಿ ಉಣ್ಣೆ ಅಂತ ಮಾರಿದ್ದರು. ಒಂದು ಎಳೆ ಸುಟ್ಟು ನೋಡಿದೆ. ಕರಗಿ ಗಟ್ಟಿ ಕಪ್ಪು ಮಣಿಯಾಯ್ತು. ಪಾಲಿಯೆಸ್ಟರ್! ತುಂಬಾ ಬೇಜಾರಾಯ್ತು.

ಇವತ್ತು ಬಂದದ್ದು ನಿಜವಾದ ಉಣ್ಣೆ. ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಕೋಟಿನ ಬಟ್ಟೆಯಷ್ಟು ದಪ್ಪ ಇಲ್ಲ, ಅದೇ ಬೇಕಿತ್ತು, ಯಾಕಂದ್ರೆ ಈ ಅಂಗಿಯ ಪಕ್ಕದಲ್ಲಿ ತ್ರಿಕೋನದ ತುಂಡುಗಳನ್ನು ಸೇರಿಸಿ ಘೇರು ಕೊಡಬೇಕು, ಬಟ್ಟೆ ಬಿರುಸಾಗಿದ್ದರೆ ಅದು ಇಳಿಬೀಳದೆ ಸುಮ್ನೆ ಡಬ್ಬದ ಥರ ನಿಲ್ಲುತ್ತೆ. ಕತ್ತರಿಸಿದ ಅಂಚನ್ನು ಉಗುರಲ್ಲಿ ಕೆರೆದೆ, ಎಳೆ ಜಾಸ್ತಿ ಬಿಡಲಿಲ್ಲ.

ಅದನ್ನು ಬಿಸಿನೀರಲ್ಲಿ ನೆನೆಸಿ ಹರವಿದಾಗ ಬಂದ ವಾಸನೆಗೆ ಅಜ್ಜಿಯ ಕಂಬಳಿ ನೆನಪಾಯ್ತು. ಮಳೆಯಲ್ಲಿ ಅದನ್ನೇ ಗೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಎಲ್ಲಿಯ ಗ್ರೀನ್‌ಲ್ಯಾಂಡ್, ಎಲ್ಲಿಯ ನಮ್ಮ ಹೊಲ, ಆದರೆ ಚಳಿಗೆ ಇಬ್ಬರೂ ಕುರಿಯನ್ನೇ ನಂಬಿದ್ದರು ಅಲ್ವಾ?

ಸದ್ಯಕ್ಕೆ ಬಟ್ಟೆ ಬಾಲ್ಕನಿಯಲ್ಲಿ ಒಣಗ್ತಿದೆ. ಎಷ್ಟು ಕುಗ್ಗಬೇಕೋ ಈಗಲೇ ಕುಗ್ಗಲಿ, ಕತ್ತರಿ ನಾಳೆ.