ಲಾಲ್‌ಬಾಗ್‌ನಲ್ಲಿ ವಾಲುವ ಮರ ಹುಡುಕುತ್ತಾ

ಲಾಲ್‌ಬಾಗ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮದ ಗೇಟಿನಿಂದ ಒಳಗೆ ಹೋದೆವು. ಜೊತೆಗೆ ಹಾಸನದಿಂದ ಬಂದಿದ್ದ ಭಾವ. ಅವರದು ಗಾರೆ ಕೆಲಸ. ಕೆರೆ, ಬಂಡೆ ಎಲ್ಲ ಆಮೇಲೆ, ಮೊದಲು ಗಾಜಿನ ಮನೆ ಹತ್ತಿರದ, ಕುಕ್ ಪೈನ್ ಅನ್ನುವ ಅರಕೇರಿಯಾ ಮರ ಎಂದು ನಾನೇ ಹಟ ಹಿಡಿದಿದ್ದೆ.

"ಇದು ಕ್ರಿಸ್‌ಮಸ್ ಮರ ಅಲ್ವಾ? ನಿಮ್ಮ ಬೆಂಗಳೂರಲ್ಲಿ ಕಾಂಪೌಂಡಿಗೊಂದು ಇದೆ" ಎಂದರು ಭಾವ.

ಎಲ್ಲರೂ ಹಾಗೇ ಕರೆಯುತ್ತೇವೆ. ಆದರೆ ಇದರ ಊರು ಆಸ್ಟ್ರೇಲಿಯಾದಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರದಲ್ಲಿರುವ ನ್ಯೂ ಕ್ಯಾಲೆಡೋನಿಯಾ. ಈ ಮರ ಮೂಲತಃ ಆ ದ್ವೀಪಗಳದ್ದು ಮಾತ್ರ. ಬೇರೆ ಕಡೆಗೆಲ್ಲ ಮನುಷ್ಯರೇ ಒಯ್ದದ್ದು. 1774ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಅತ್ತ ಹೋದಾಗ, ದೂರದಲ್ಲಿ ಕಾಣುತ್ತಿರುವುದು ಮರವೋ ಕಲ್ಲಿನ ಕಂಬವೋ ಎಂದು ಹಡಗಿನಲ್ಲೇ ವಾದ ನಡೆಯಿತು. ಕುಕ್ ಮರ ಎಂದ, ಗೆದ್ದ. ಅಲ್ಲಿನ ಒಂದು ದ್ವೀಪಕ್ಕೆ ಪೈನ್ ದ್ವೀಪ ಅಂತ ಹೆಸರಿಟ್ಟ. ಮರ ಪೈನ್ ಜಾತಿಯದ್ದಲ್ಲ, ಅದು ಬೇರೆ ಮಾತು.

ಬುಡದಲ್ಲಿ ನಿಂತು ತಲೆಯೆತ್ತಿದರೆ ಆ ವಾದ ಸುಮ್ನೆ ಹುಟ್ಟಿದ್ದಲ್ಲ ಅನಿಸುತ್ತದೆ. ಹಳೆಯ ಕೊಂಬೆ ಉದುರಿದ ಕಡೆ ಗಿಡ್ಡ ಕೊಂಬೆಗಳು ಮತ್ತೆ ಚಿಗುರುತ್ತವೆ. ಹಾಗಾಗಿ ಮರ ಅಗಲಕ್ಕೆ ಹರಡದೆ ಮೇಲಕ್ಕೇ ಹೋಗುತ್ತದೆ. ತನ್ನ ನೆಲದಲ್ಲಿ 60 ಮೀಟರ್‌ವರೆಗೂ ಬೆಳೆಯುತ್ತದೆ.

ನಾನು ಬಂದದ್ದು ಮುಖ್ಯವಾಗಿ ಅದು ವಾಲಿದೆಯಾ ಎಂದು ನೋಡಲು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಐದು ಖಂಡಗಳ 256 ಮರಗಳನ್ನು ಅಳೆದಿದ್ದರು. ಉತ್ತರಾರ್ಧಗೋಳದಲ್ಲಿ ಇದ್ದವು ದಕ್ಷಿಣಕ್ಕೆ, ದಕ್ಷಿಣಾರ್ಧದವು ಉತ್ತರಕ್ಕೆ ವಾಲಿದ್ದವು. ಅಂದರೆ ಎಲ್ಲಿ ನೆಟ್ಟರೂ ಭೂಮಧ್ಯರೇಖೆಯ ಕಡೆಗೇ! ಸರಾಸರಿ ವಾಲು 8.55 ಡಿಗ್ರಿ. ಪೀಸಾ ಗೋಪುರದ್ದು ಸುಮಾರು 4 ಅಷ್ಟೇ. ರೇಖೆಯಿಂದ ದೂರ ಹೋದಷ್ಟೂ ವಾಲುವುದು ಜಾಸ್ತಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ, ಇಲ್ಲಿ ತುಂಬಾ ನಿರೀಕ್ಷಿಸುವ ಹಾಗಿಲ್ಲ.

ಭಾವನಿಗೆ ಇದು ಕೇಳಿ ಹುರುಪು ಬಂತು. ಚೀಲದಿಂದ ದಾರ ತೆಗೆದು, ಬೀಗದ ಕೈ ಕಟ್ಟಿ, ಒಂದು ಕಣ್ಣು ಮುಚ್ಚಿ ಇಳಿಬಿಟ್ಟರು. ತೂಗುಗುಂಡು ರೆಡಿ. ನಾನು ಮೊಬೈಲಿನಲ್ಲಿ ದಿಕ್ಕು ನೋಡಿದೆ. ಒಂದು ಮರ ನೆಟ್ಟಗಿತ್ತು. ಇನ್ನೊಂದರ ತುದಿ ದಾರ ಬಿಟ್ಟು ತುಸು ದಕ್ಷಿಣಕ್ಕೆ ಸರಿದಿತ್ತು.

"ಗೋಡೆ ಹಿಂಗೆ ಎಬ್ಬಿಸಿದ್ರೆ ಮೇಸ್ತ್ರಿ ಕೂಲಿ ಕೊಡಲ್ಲ" ಎಂದರು.

ನೋಡಲು ಹೋಗುವವರು ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟು ಹೋಗಿ. ಆ ಜಂಗುಳಿಯಲ್ಲಿ ಮೇಲೆ ನೋಡುತ್ತಾ ನಿಂತರೆ ಕಾಲು ತುಳಿಸಿಕೊಳ್ಳುತ್ತೀರಿ.