ಚಾರ್ಜರಿನ ಹಸಿರು ದೀಪ

ಕಾಳುಮೆಣಸಿನ ಬಳ್ಳಿಗಳಿಗೆ ರೋಗ ತಡೆಯಲು ಮಳೆಗಾಲಕ್ಕೆ ಮುಂಚಿನ ಬೋರ್ಡೋ ದ್ರಾವಣ ಹೊಡೆಯಬೇಕೆಂದು ಬೆನ್ನಿಗೆ ಹೊರುವ ಬ್ಯಾಟರಿ ಸ್ಪ್ರೇಯರನ್ನು ಅಟ್ಟದಿಂದ ಇಳಿಸಿ ಚಾರ್ಜಿಗೆ ಹಾಕಿದೆ. ಚಾರ್ಜರಿನ ದೀಪ ಒಂದು ಕ್ಷಣವೂ ಕೆಂಪಾಗದೆ ಹಸಿರಾಗಿಯೇ ಉಳಿಯಿತು. ಹಸಿರೆಂದರೆ ಬ್ಯಾಟರಿ ತುಂಬಿದೆ ಎಂದು ಚಾರ್ಜರಿನ ಮೇಲೆಯೇ ಅಚ್ಚಾಗಿದೆ. ಆದರೆ ಸ್ವಿಚ್ ಹಾಕಿದರೆ ಪಂಪು ಕೆಲವೇ ಸೆಕೆಂಡು ಓಡಿ ನಿಂತುಹೋಗುತ್ತಿತ್ತು. ಪೇಟೆಯ ಅಂಗಡಿಯಲ್ಲಿ ಕೇಳಿದಾಗ ಚಾರ್ಜರ್, ಬ್ಯಾಟರಿ ಎರಡನ್ನೂ ಬದಲಿಸುವುದೇ ಒಳ್ಳೆಯದೆಂಬ ಸಲಹೆ ಸಿಕ್ಕಿತು. ಹಣ ಕೊಡುವ ಮೊದಲು ಒಮ್ಮೆ ಮಲ್ಟಿಮೀಟರ್ ಹಿಡಿದು ನೋಡೋಣವೆಂದು ಮನೆಗೆ ಮರಳಿದೆ.

ಈ ಬಗೆಯ ಚಾರ್ಜರಿಗೆ ಬ್ಯಾಟರಿ ತುಂಬಿದೆಯೋ ಇಲ್ಲವೋ ನೇರವಾಗಿ ತಿಳಿಯುವುದಿಲ್ಲ. ತನ್ನಿಂದ ಎಷ್ಟು ಕರೆಂಟ್ ಹೊರಗೆ ಹೋಗುತ್ತಿದೆ ಎಂಬುದನ್ನಷ್ಟೇ ಅದು ಗಮನಿಸಿ, ಹರಿವು ಒಂದು ಮಿತಿಗಿಂತ ಕಡಿಮೆಯಾದಾಗ ಹಸಿರು ದೀಪ ಹೊತ್ತಿಸುತ್ತದೆ. ಬ್ಯಾಟರಿ ತುಂಬಿದಾಗ ಹರಿವು ಕಡಿಮೆಯಾಗುವುದು ನಿಜ, ಆದರೆ ದಾರಿಯಲ್ಲಿ ಎಲ್ಲೋ ಸಂಪರ್ಕ ಕಡಿದಿದ್ದರೂ ಹರಿವು ಇರುವುದಿಲ್ಲ. ಸ್ಪ್ರೇಯರಿಗೆ ಜೋಡಿಸದೆ ಚಾರ್ಜರನ್ನು ಗೋಡೆಯ ಪ್ಲಗ್ಗಿಗೆ ಮಾತ್ರ ಹಾಕಿ ನೋಡಿದಾಗಲೂ ದೀಪ ಹಸಿರಾಗಿಯೇ ಇತ್ತು.

ಚಾರ್ಜರಿನ ಪಿನ್ನಿನಲ್ಲಿ 14.1 ವೋಲ್ಟ್ ಇತ್ತು, ಅಂದರೆ ಚಾರ್ಜರ್ ಕೆಟ್ಟಿರಲಿಲ್ಲ. ಸ್ಪ್ರೇಯರಿನ ತಳದ ಮುಚ್ಚಳ ಬಿಚ್ಚಿ ಬ್ಯಾಟರಿಯ ಟರ್ಮಿನಲ್‌ಗಳನ್ನು ಅಳೆದಾಗ 11.6 ವೋಲ್ಟ್ ಬಂತು. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತುಂಬಿದಾಗ ಸುಮಾರು 12.8 ತೋರಿಸಬೇಕು, ಆದ್ದರಿಂದ ಇದು ಬಹುತೇಕ ಬರಿದಾಗಿತ್ತು. ಮುಖ್ಯವಾದ ಅಳತೆ ಇದಾದ ಮೇಲಿನದು. ಚಾರ್ಜರ್ ಜೋಡಿಸಿದ ಕೂಡಲೇ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಏರಬೇಕಾಗಿತ್ತು, ಆದರೆ ಅದು 11.6ರಿಂದ ಅಲುಗಲಿಲ್ಲ. ಫ್ಯೂಸ್ ಸರಿಯಾಗಿದ್ದುದರಿಂದ ಉಳಿದದ್ದು ಚಾರ್ಜಿಂಗ್ ಸಾಕೆಟ್ ಒಂದೇ. ಅದನ್ನು ಬಿಚ್ಚಿದಾಗ ಒಳಗಿನ ಪಟ್ಟಿಯ ಮೇಲೆಲ್ಲ ಹಸಿರು ಕಿಲುಬು ಹಿಡಿದಿತ್ತು, ಬೆಸುಗೆ ಹಾಕಿದ್ದ ವೈರು ಮುಟ್ಟಿದೊಡನೆ ಕೈಗೆ ಬಂತು.

ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ. ಟ್ಯಾಂಕಿನ ಬಾಯಿಂದ ಚೆಲ್ಲಿದ ದ್ರಾವಣ ಹೊರಮೈಯಲ್ಲಿ ಇಳಿದು ಬಂದು ತಳದಲ್ಲಿರುವ ಸಾಕೆಟ್ಟಿನೊಳಗೇ ಸೇರಿ ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಹೋದ ಸೆಪ್ಟೆಂಬರಿನ ಸಿಂಪರಣೆಯ ನಂತರ ನಾನು ಟ್ಯಾಂಕನ್ನು ಚೆನ್ನಾಗಿ ತೊಳೆದಿದ್ದೆನೇ ಹೊರತು ಸಾಕೆಟ್ಟಿನ ರಬ್ಬರ್ ಮುಚ್ಚಳ ಕಳೆದುಹೋದದ್ದನ್ನು ಗಮನಿಸಿರಲಿಲ್ಲ. ಹೊಸ ಸಾಕೆಟ್ ತಂದು, ವೈರಿನ ಕಿಲುಬು ಹಿಡಿದ ತುದಿಯನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಪ್ಲಸ್ ಮೈನಸ್ ಅದಲುಬದಲಾಗದಂತೆ ಎರಡೆರಡು ಬಾರಿ ನೋಡಿಕೊಂಡು ಬೆಸುಗೆ ಹಾಕಿದೆ. ಈ ಸಲ ದೀಪ ಕೆಂಪಾಯಿತು, ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಏರತೊಡಗಿತು. ಬ್ಯಾಟರಿಯ ಮೈ ಉಬ್ಬಿದ್ದರೆ ಮಾತ್ರ ನಾನು ಅದನ್ನು ಚಾರ್ಜಿಗೆ ಹಾಕುತ್ತಿರಲಿಲ್ಲ. ಹಾಗೆ ಉಬ್ಬಿದ್ದನ್ನು ಯಾರೂ ಹಾಕಬಾರದು.

ಬ್ಯಾಟರಿ ಎಂಟು ತಿಂಗಳು ಅರೆಬರೆ ಚಾರ್ಜಿನಲ್ಲಿ ಬಿದ್ದಿದ್ದಕ್ಕೆ ತೆರಬೇಕಾದದ್ದನ್ನು ತೆತ್ತಿದೆ. ಬರಿದಾಗಿ ಕುಳಿತ ಬ್ಯಾಟರಿಯ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟುತ್ತದೆ, ಹಾಗೆ ಹರಳುಗಟ್ಟಿದ ಭಾಗ ಮತ್ತೆ ಪೂರ್ತಿಯಾಗಿ ಕರಗುವುದಿಲ್ಲ. ಮೊದಲು ಒಂದು ಚಾರ್ಜಿಗೆ ಹನ್ನೆರಡು ಟ್ಯಾಂಕು ಹೊಡೆಯಬಹುದಾಗಿತ್ತು, ಈಗ ಒಂಬತ್ತಕ್ಕೆ ಪಂಪಿನ ಒತ್ತಡ ಇಳಿಯುತ್ತದೆ. ನಮ್ಮ ಬಳ್ಳಿಗಳಿಗೆ ದಿನಕ್ಕೆ ಎಂಟು ಟ್ಯಾಂಕು ಸಾಕಾಗುವುದರಿಂದ ಎರಡನೆಯ ಸಿಂಪರಣೆಯನ್ನೂ ಇದೇ ಬ್ಯಾಟರಿಯಲ್ಲಿ ಮುಗಿಸಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಇಡಲಿದ್ದೇನೆ.