ಪಿಕಪ್‌ಗೆ ಸಾಲಿಡ್ ಆಕ್ಸಲ್: ದುಡ್ಡು ಎಲ್ಲಿ ಉಳಿಸ್ಬೋದು, ಎಲ್ಲಿ ಉಳಿಸ್ಬಾರ್ದು

ಮುಂದಿನ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದ್ರೆ ಎರಡು ಚಕ್ರಾನೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡೋ ವ್ಯವಸ್ಥೆ ಬಿಚ್ಚಿ, ಎರಡೂ ಚಕ್ರನ ಒಂದೇ ಗಟ್ಟಿ ತೊಲೆಗೆ ಸೇರಿಸೋ ಸಾಲಿಡ್ ಆಕ್ಸಲ್ ಹಾಕ್ಸ್ಬೇಕು ಅಂತ ನಮ್ ಕೋಲಾರದ ಗ್ಯಾರೇಜ್‌ಗೆ ಬರೋರೆಲ್ಲ ಮೊದಲು ಕೇಳೋದೇ ಆಕ್ಸಲ್ ಎಷ್ಟಾಗುತ್ತೆ ಅಂತ. ನಾನು ಅಲ್ಲಿ ವೆಲ್ಡಿಂಗು, ಫ್ಯಾಬ್ರಿಕೇಶನ್ನು, ಅಳತೆ ಕೆಲಸ ನೋಡ್ಕೊಳ್ಳೋನು. ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿರೋದು ಏನಂದ್ರೆ ಈ ಕೆಲಸದಲ್ಲಿ ಆಕ್ಸಲ್ಲೇ ಅಗ್ಗದ ಐಟಂ, ಗುಜರಿಲೋ ಮಿಲಿಟರಿ ಡಿಸ್ಪೋಸಲ್‌ನೋರ ಹತ್ರಾನೋ ಹುಡುಕಿದ್ರೆ ಸಿಕ್ಕೇ ಸಿಗುತ್ತೆ, ಆದ್ರೆ ಆ ಆಕ್ಸಲ್‌ನ ಗಾಡಿ ಜೊತೆ ಸರಿಯಾಗಿ ಕೂರಿಸಿ ಸ್ಟೇರಿಂಗ್ ಹಿಡಿದೋನ ಕೈಗೆ ನಂಬಿಕೆ ಬರೋ ಹಾಗೆ ಮಾಡೋದಕ್ಕೇ ಅಸಲಿ ಖರ್ಚು. ಬಜೆಟ್ ಕಮ್ಮಿ ಇದ್ದಷ್ಟೂ ಇದು ಜಾಸ್ತಿ ನಿಜ.

ಈಚೆಗೆ ಮಾಡಿದ್ದು ಶ್ರೀನಿವಾಸಪುರದ ಕಡೆ ಮಾವಿನ ತೋಪಿನ ಗೌಡ್ರ ಟಾಟಾ ಕ್ಸೆನಾನ್, ಫೋರ್ ಬೈ ಫೋರ್. ಅವರ ತೋಪು ಬೆಟ್ಟದ ಬುಡದಲ್ಲಿ, ಮೇಲಿನ ತುಂಡಿಗೆ ಹೋಗೋಕೆ ಬಂಡೆ ಬಂಡೆ ದಾರಿ, ಕ್ರೇಟು ತುಂಬ್ಕೊಂಡು ಇಳಿಬೇಕು. ಗಾಡಿ ಎತ್ತರ ಆಗ್ಲಿ ಅಂತ ಯಾರೋ ಟಾರ್ಷನ್ ಬಾರ್, ಅಂದ್ರೆ ಮುಂದೆ ಸ್ಪ್ರಿಂಗ್ ಕೆಲಸ ಮಾಡೋ ತಿರುಚು ಸರಳು, ಟೈಟ್ ಮಾಡಿ ಮುಂದೆ ಎತ್ತಿದ್ರು. ಹಂಗೆ ಮಾಡಿದ್ರೆ ಗಾಡಿ ಎತ್ತರ ಕಾಣುತ್ತೆ ಅಷ್ಟೆ, ಚಕ್ರ ಕೆಳಗೆ ಇಳಿಯೋ ಜಾಗ ಮುಗಿದುಹೋಗುತ್ತೆ, ಡ್ರೈವ್ ಶಾಫ್ಟ್ ಓರೆ ಜಾಸ್ತಿ ಆಗಿ ರಬ್ಬರ್ ಬೂಟ್ ಹರಿಯುತ್ತೆ, ಒಳಗೆ ಮಣ್ಣು ಸೇರ್ಕೊಂಡ್ರೆ ಜಾಯಿಂಟ್ ಕಥೆ ಮುಗೀತು. ಗೌಡ್ರು ಪ್ರತಿ ಸೀಸನ್‌ಗೂ ಇದೇ ರಿಪೇರಿ ಮಾಡಿಸಿ ಬೇಜಾರಾಗಿ ಬಂದ್ರು. "ನೋಡಪ್ಪಾ, ಒಂದೂವರೆ ಲಕ್ಷ ಎತ್ತಿಟ್ಟಿದೀನಿ, ಅದರ ಮೇಲೆ ಒಂದು ರೂಪಾಯಿ ಇಲ್ಲ, ಗಾಡಿ ತೋಪು ಬಿಟ್ಟು ಆಚೆ ಹೋಗಲ್ಲ" ಅಂದ್ರು.

ಆ ಕೊನೆ ಮಾತು ನನಗೆ ಮುಖ್ಯ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋ ಹಂಗಿಲ್ಲ, 2019ರ ಜನವರಿಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳ್ತು. ಅದಕ್ಕೇ ರೋಡಲ್ಲಿ ಓಡೋ ಗಾಡಿಗೆ ನಾವು ಈ ಕೆಲಸ ಒಪ್ಕೊಳ್ಳಲ್ಲ. ಗೌಡ್ರ ಗಾಡಿನೂ ಟ್ರೈಲರ್ ಮೇಲೇ ಬಂತು, ಟ್ರೈಲರ್ ಮೇಲೇ ಹೋಯ್ತು. ಎಷ್ಟೇ ಕೆಲಸ ಇಲ್ದಿದ್ರೂ ಈ ವಿಷಯದಲ್ಲಿ ಸಡಿಲ ಬಿಡ್ಬೇಡಿ, ನಾಳೆ ರೋಡಲ್ಲಿ ಯಾರಿಗೋ ಏನೋ ಆದ್ರೆ ಇನ್ಶೂರೆನ್ಸಲ್ಲೂ ತಕರಾರು ಬರ್ಬೋದು, ಮನಸ್ಸಿಗೆ ನೆಮ್ಮದೀನೂ ಇರಲ್ಲ.

ಆಕ್ಸಲ್ ಹುಡುಕೋವಾಗ ದುಡ್ಡು ಕೊಡೋಕೆ ಮುಂಚೆ ಮೂರು ವಿಷಯ ನೋಡ್ಬೇಕು. ಅಗಲ ಒಂದು. ಹಳೆ ಜೀಪಿನ ಆಕ್ಸಲ್ ಸುಲಭವಾಗಿ ಸಿಗುತ್ತೆ ಆದ್ರೆ ಪಿಕಪ್‌ಗೆ ತೀರಾ ಗಿಡ್ಡ, ಹಿಂದಿನ ಚಕ್ರ ಒಂದು ಗೆರೇಲಿ ಮುಂದಿನದು ಇನ್ನೊಂದು ಗೆರೇಲಿ ಓಡುತ್ತೆ, ಅದನ್ನ ಮುಚ್ಚೋಕೆ ದಪ್ಪ ದಪ್ಪ ಸ್ಪೇಸರ್ ಹಾಕಿದ್ರೆ ವೀಲ್ ಬೇರಿಂಗ್ ಮೇಲೆ ಭಾರ ಬೀಳುತ್ತೆ. ಎರಡನೇದು ಡಿಫ್ರೆನ್ಷಿಯಲ್ ಗುಂಡು, ಅಂದ್ರೆ ಎರಡೂ ಚಕ್ರಕ್ಕೆ ತಿರುಗೋ ಬಲ ಹಂಚೋ ಗೇರ್ ಇರೋ ಉಬ್ಬು, ಯಾವ ಕಡೆ ಇದೆ ಅನ್ನೋದು, ಗಾಡಿಯಲ್ಲಿ ಎಂಜಿನ್ ಬಲಾನ ಮುಂದಕ್ಕೂ ಹಿಂದಕ್ಕೂ ಹಂಚೋ ಟ್ರಾನ್ಸ್‌ಫರ್ ಕೇಸ್‌ನ ಮುಂದಿನ ಔಟ್‌ಪುಟ್ ಯಾವ ಕಡೆ ಇದ್ಯೋ ಗುಂಡೂ ಅದೇ ಕಡೆ ಇರ್ಬೇಕು. ಮೂರನೇದು ರೇಶಿಯೋ, ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಶಾಫ್ಟ್ ಎಷ್ಟು ಸುತ್ತು ಬರ್ಬೇಕು ಅನ್ನೋ ಲೆಕ್ಕ, ಇದರಲ್ಲಿ ಅಂದಾಜು ನಡಿಯಲ್ಲ. ಮುಂದೆ ಹಿಂದೆ ರೇಶಿಯೋ ಬೇರೆ ಇದ್ರೆ ಫೋರ್ ವೀಲ್ ಹಾಕಿದ ತಕ್ಷಣ ಎರಡೂ ಶಾಫ್ಟು ಒಂದನ್ನೊಂದು ತಿರುಚೋಕೆ ಶುರು ಮಾಡುತ್ತೆ, ಟ್ರಾನ್ಸ್‌ಫರ್ ಕೇಸೋ ಡಿಫ್ರೆನ್ಷಿಯಲ್ ಒಳಗಿನ ಕ್ರೌನ್ ಪಿನಿಯನ್ ಗೇರೋ ಯಾವುದೋ ಒಂದು ಹೋಗುತ್ತೆ. ಕವರ್ ಬಿಚ್ಚಿ ಹಲ್ಲು ಎಣಿಸೋದೇ ಖಾತ್ರಿ. ಹಳೆ ವಿಲ್ಲಿಸ್ ಜೀಪಿನ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8, ಅಂದ್ರೆ 5.38, ಹಿಂಗೆ ಲೆಕ್ಕ ಸಿಗುತ್ತೆ. ಬಿಚ್ಚೋಕೆ ಗುಜರಿಯೋರು ಬಿಡಲ್ಲ ಅಂದ್ರೆ ಒಂದು ಕಡೆ ಹಬ್ ಅಲ್ಲಾಡದ ಹಾಗೆ ಹಿಡಿಸಿ ಇನ್ನೊಂದು ಕಡೆಯದನ್ನ ಎರಡು ಸುತ್ತು ಪೂರ್ತಿ ತಿರುಗಿಸಿ, ಪಿನಿಯನ್ ಎಷ್ಟು ಸುತ್ತು ಬಂತೋ ಅದೇ ರೇಶಿಯೋ. ಪಿನಿಯನ್ ಮೇಲೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೆದ್ರೆ ಸಾಕು.

ನಮಗೆ ಸಿಕ್ಕಿದ್ದು ಜೋಂಗಾದು, ಜಬಲ್‌ಪುರದ ಫ್ಯಾಕ್ಟರಿಲಿ ಮಿಲಿಟರಿಗೆ ಅಂತ ಮಾಡ್ತಿದ್ದ ಗಾಡಿ ಅದು, ಹೌಸಿಂಗ್ ಗಟ್ಟಿ. ಅದರ ಕ್ರೌನ್ ಪಿನಿಯನ್‌ನ ಹಿಂದಿನ ಆಕ್ಸಲ್ ರೇಶಿಯೋಗೆ ಹೊಂದಿಸ್ಕೊಳ್ಳೋದಕ್ಕೇ ಸ್ವಲ್ಪ ಓಡಾಟ ಆಯ್ತು, ಬಿಡಿ, ಅದು ಪ್ರತಿ ಗಾಡಿಗೂ ಬೇರೆ ಕಥೆ.

ಸ್ಪ್ರಿಂಗ್ ವಿಷಯದಲ್ಲಿ ದುಡ್ಡು ಧಾರಾಳವಾಗಿ ಉಳಿಸ್ಬೋದು, ಲೀಫ್ ಹಾಕಿ. ಕಾಯಿಲ್ ಚೆನ್ನಾಗಿದೆ ನಿಜ, ಆದ್ರೆ ಕಾಯಿಲ್ ಭಾರ ಮಾತ್ರ ಹೊರುತ್ತೆ, ಆಕ್ಸಲ್‌ನ ಹಿಂದೆ ಮುಂದೆ ಅಕ್ಕ ಪಕ್ಕ ಹೋಗದ ಹಾಗೆ ಹಿಡಿಯೋಕೆ ಲಿಂಕು, ಅಡ್ಡಕ್ಕೆ ಹಿಡಿಯೋ ಪ್ಯಾನಾರ್ಡ್ ರಾಡು, ಅಷ್ಟಕ್ಕೂ ಬುಷ್ಷು ಬ್ರಾಕೆಟ್ಟು. ಲೀಫ್ ಆದ್ರೆ ಭಾರಾನೂ ಅದೇ ಹೊರುತ್ತೆ, ಆಕ್ಸಲ್ಲೂ ಅದೇ ಹಿಡ್ಕೊಳುತ್ತೆ. ಹಳೆ ಸೆಟ್‌ನಿಂದ ದಪ್ಪ ಬ್ಲೇಡ್ ತೆಗ್ದು ತೆಳು ಬ್ಲೇಡ್ ಸೇರಿಸಿ ಕಟ್ಟಿಸಿದ್ರೆ ಮೆತ್ತಗೂ ಆಗುತ್ತೆ.

ಹಳೆ ಕ್ರಾಸ್ ಮೆಂಬರ್ ಕತ್ತರಿಸೋಕೆ ಮುಂಚೆ ಚಾಸಿ ಮೇಲೆ ಪಂಚ್ ಹೊಡೆದು ಮೂಲೆಯಿಂದ ಮೂಲೆಗೆ ಅಳತೆ ಬರ್ದಿಟ್ಕೊಳ್ಳಿ. ಆ ಕ್ರಾಸ್ ಮೆಂಬರ್, ಚಾಸಿಯ ಉದ್ದದ ತೊಲೆ ಅಂದ್ರೆ ಎರಡೂ ರೈಲ್‌ನ ಹಿಡ್ಕೊಂಡಿರುತ್ತೆ, ತೆಗೆದ ಮೇಲೆ ರೈಲ್ ಎಲ್ಲಿಗೆ ಸರಿದಿದೆ ಅಂತ ಕಣ್ಣಲ್ಲಿ ಗೊತ್ತಾಗಲ್ಲ. ನಾವು ಮೊದಲು ಅಡ್ಡಕ್ಕೆ ಒಂದು ದಪ್ಪ ಪೈಪ್ ಟ್ಯಾಕ್ ಹಾಕಿ ಆಮೇಲೇ ಕಟರ್ ಹಿಡಿದಿದ್ದು. ಇನ್ನೊಂದು, ಕಂಪ್ಯೂಟರ್ ನಡೆಸೋ ಕಾಮನ್ ರೈಲ್ ಡೀಸೆಲ್ ಎಂಜಿನ್ ಇರೋ ಗಾಡಿಗೆ ಆರ್ಕ್ ವೆಲ್ಡಿಂಗ್ ಮಾಡೋವಾಗ ಬ್ಯಾಟರಿ ಬಿಚ್ಚಿ, ಆ ಕಂಪ್ಯೂಟರ್‌ದು, ಅಂದ್ರೆ ಇಸಿಯು ಕನೆಕ್ಟರ್ ಎಳೆದಿಡಿ, ಅರ್ಥ್ ಕ್ಲಾಂಪ್ ಕೆಲಸ ಮಾಡೋ ಜಾಗದ ಪಕ್ಕದಲ್ಲೇ ಹಾಕಿ. ಇಸಿಯು ಹೋದ್ರೆ ಬಜೆಟ್ ಅನ್ನೋ ಮಾತೇ ಉಳಿಯಲ್ಲ.

ಈಗ ಕ್ಯಾಸ್ಟರ್, ಅಂದ್ರೆ ಮುಂದಿನ ಚಕ್ರ ಎಡ ಬಲ ಯಾವ ಪಿನ್ ಸುತ್ತ ತಿರುಗುತ್ತೋ ಆ ಕಿಂಗ್ ಪಿನ್ ವಾಲಿರೋ ಕೋನ. ಕಿಂಗ್ ಪಿನ್ ಮೇಲ್ಭಾಗ ಸ್ವಲ್ಪ ಹಿಂದಕ್ಕೆ ವಾಲಿರ್ಬೇಕು, ಆಗ್ಲೇ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗೇ ನೆಟ್ಟಗಾಗೋದು. ದಪ್ಪ ಟೈರ್ ಹಾಕಿದ ಲೀಫ್ ಸ್ಪ್ರಿಂಗ್ ಗಾಡಿಗೆ ಐದು ಡಿಗ್ರಿ ಆಸುಪಾಸು ಇದ್ರೆ ನಮ್ಮ ಕೈಗೆ ಚೆನ್ನಾಗಿ ಬಂದಿದೆ. ತೊಂದರೆ ಎಲ್ಲಿ ಅಂದ್ರೆ ಮುಂದಿನ ಆಕ್ಸಲ್‌ನಲ್ಲಿ ಪಿನಿಯನ್ ಹಿಂದಕ್ಕೆ ಮುಖ ಮಾಡಿರುತ್ತೆ, ಕ್ಯಾಸ್ಟರ್ ಕೊಡೋಕೆ ಹೌಸಿಂಗ್ ತಿರುಗಿಸಿದ್ರೆ ಪಿನಿಯನ್ ನೆಲದ ಕಡೆ ಬಗ್ಗುತ್ತೆ, ಪಿನಿಯನ್ ಎತ್ತಿದ್ರೆ ಕ್ಯಾಸ್ಟರ್ ಹೋಗುತ್ತೆ. ದುಡ್ಡಿರೋರು ನಕಲ್ (ಆಕ್ಸಲ್ ತುದೀಲಿ ಚಕ್ರ ಎಡ ಬಲ ತಿರುಗೋಕೆ ಇರೋ ಭಾಗ) ಕಡೆ ವೆಲ್ಡಿಂಗ್ ಕಟ್ ಮಾಡಿಸಿ ನಕಲ್ ಬೇರೆ ಕೋನಕ್ಕೆ, ಹೌಸಿಂಗ್ ಬೇರೆ ಕೋನಕ್ಕೆ ಕೂರಿಸ್ತಾರೆ, ಅದು ಜಿಗ್ ಇಲ್ದೆ ಮಾಡೋ ಕೆಲಸ ಅಲ್ಲ. ಬಜೆಟ್ ಗಾಡೀಲಿ ನಾನು ಯಾವತ್ತೂ ಕ್ಯಾಸ್ಟರ್ ಕಡೆಗೇ. ಚಕ್ರನ ಶಾಫ್ಟಿಂದ ಬಿಡಿಸೋ ಫ್ರೀ ವೀಲಿಂಗ್ ಹಬ್ ಹಾಕಿಬಿಟ್ರೆ ಟೂ ವೀಲ್‌ನಲ್ಲಿ ಹೋಗೋವಾಗ ಮುಂದಿನ ಶಾಫ್ಟ್ ತಿರುಗೋದೇ ಇಲ್ಲ, ಹಬ್ ಲಾಕ್ ಮಾಡೋದು ಬಂಡೆ ದಾರೀಲಿ, ನಿಧಾನಕ್ಕೆ ಹೋಗೋವಾಗ. ಆ ಸ್ಪೀಡಲ್ಲಿ ಪಿನಿಯನ್ ಕೋನ ಚೂರು ಹೆಚ್ಚು ಕಮ್ಮಿ ಇದ್ರೆ ಶಾಫ್ಟ್ ತುದಿ ಜಾಯಿಂಟಿನ ಕ್ರಾಸ್ ತಡ್ಕೊಳುತ್ತೆ. ಸ್ಟೇರಿಂಗ್ ಮಾತ್ರ ಯಾವ ಸ್ಪೀಡಲ್ಲೂ ಬೇಕೇ ಬೇಕು.

ಅಳೆಯೋ ರೀತಿ ಹೇಳ್ತೀನಿ, ಜಾಸ್ತಿ ಜನ ಇಲ್ಲೇ ಅವಸರ ಮಾಡೋದು. ಪರ್ಚ್ ಅಂದ್ರೆ ಆಕ್ಸಲ್ ಟ್ಯೂಬ್ ಮೇಲೆ ಲೀಫ್ ಕೂರೋ ಸೀಟು, ಅದನ್ನ ಮೊದಲು ವೆಲ್ಡ್ ಮಾಡ್ಲೇಬೇಡಿ. ಸುಮ್ನೆ ಇಟ್ಟು ಯು ಬೋಲ್ಟ್ ಕೈಯಲ್ಲಿ ಬಿಗಿದು, ಎಂಜಿನ್ನು ರೇಡಿಯೇಟರ್ರು ಬಂಪರ್ರು ಎಲ್ಲ ಮೇಲಿರ್ಬೇಕು, ಓಡೋ ಟೈರೇ ಹಾಕಿರ್ಬೇಕು, ಆ ಪೂರ್ತಿ ಭಾರ ಲೀಫ್ ಮೇಲೆ ಬಿಟ್ಟು, ಬಂಪರ್ ಹಿಡಿದು ನಾಲ್ಕು ಸಲ ಕುಕ್ಕಿ ಗಾಡಿ ಕೂತ್ಕೊಳ್ಳೋಕೆ ಬಿಡಿ. ಆಮೇಲೆ ಕಿಂಗ್ ಪಿನ್ ಕ್ಯಾಪ್ ಮೇಲೆ ಮ್ಯಾಗ್ನೆಟ್ ಆಂಗಲ್ ಮೀಟರ್ ಇಟ್ಟು ಎರಡೂ ಕಡೆ ನೋಡಿ. ಜಾಕ್ ಮೇಲೆ ನಿಂತ ಗಾಡೀಲಿ ನೋಡಿದ ಡಿಗ್ರಿ, ನೆಲಕ್ಕೆ ಇಳಿದ ಮೇಲೆ ಇರಲ್ಲ, ಯಾಕಂದ್ರೆ ಲೀಫ್ ಚಪ್ಪಟೆ ಆಗ್ತಾ ಲೀಫ್ ತುದಿ ಹಿಡಿದಿರೋ ಶ್ಯಾಕಲ್ ಸರಿಯುತ್ತೆ, ಅದರ ಜೊತೆ ಆಕ್ಸಲ್ಲೂ ತಿರುಗುತ್ತೆ. ಸರಿ ಅನ್ಸಿದ ಮೇಲೂ ಟ್ಯಾಕ್ ಮಾತ್ರ. ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಒಂದು ಕಡೆ ಚಕ್ರ ಹಲಗೆ ಮೇಲೆ ಹತ್ತಿಸಿ, ಡಿಫ್ರೆನ್ಷಿಯಲ್ ಗುಂಡು ಎಂಜಿನ್ ಸಂಪ್‌ಗೆ ತಾಗುತ್ತಾ ನೋಡಿ. ಕ್ಸೆನಾನ್‌ನಲ್ಲಿ ಅದಕ್ಕೇ ಆಕ್ಸಲ್‌ನ ಮೂಲ ಜಾಗಕ್ಕಿಂತ ಚೂರು ಮುಂದಕ್ಕೆ ತಂದು, ಆಕ್ಸಲ್ ಮೇಲೆ ಬರೋದನ್ನ ತಡೆಯೋ ಬಂಪ್ ಸ್ಟಾಪ್ ಸಂಪ್‌ಗಿಂತ ಮೊದಲೇ ತಾಗೋ ಹಾಗೆ ಇಳಿಸಿದ್ವಿ.

ಫುಲ್ ವೆಲ್ಡಿಂಗ್‌ಗೆ 7018 ರಾಡ್, ಒಣಗಿಸಿದ್ದೇ ಆಗ್ಬೇಕು, ಪ್ಯಾಕೆಟ್ ಒಡೆದು ಮಳೆಗಾಲದಲ್ಲಿ ಶೆಲ್ಫ್ ಮೇಲೆ ಬಿದ್ದಿದ್ದ ರಾಡ್ ಗೇಟಿಗೂ ಬೇಡ ಆಕ್ಸಲ್‌ಗಂತೂ ಬೇಡ್ವೇ ಬೇಡ. ಟ್ಯೂಬ್ ಮೇಲೆ ಸ್ವಲ್ಪ ಸ್ವಲ್ಪ ಹಾಕಿ ಎಡ ಬಲ ಬದಲಾಯಿಸ್ತಾ, ಕೈ ಇಡೋಷ್ಟು ತಣ್ಣಗಾದ ಮೇಲೆ ಮುಂದಿನದು. ಒಂದೇ ಉಸಿರಲ್ಲಿ ಎಳೆದ್ರೆ ಟ್ಯೂಬ್ ಬಾಗುತ್ತೆ, ಆಮೇಲೆ ಒಳಗಿನ ಶಾಫ್ಟು ಸೀಲು ಬೇರಿಂಗು ಎಲ್ಲದಕ್ಕೂ ತೊಂದರೆ. ನೀರು ಹಾಕಿ ತಣ್ಣಗೆ ಮಾಡ್ಬೇಡಿ.

ಸ್ಟೇರಿಂಗ್ ಬಗ್ಗೆ ಜಾಸ್ತಿ ಹೇಳ್ಲೇಬೇಕು. ಕ್ಸೆನಾನ್‌ಗೆ ಕಂಪನಿಯಿಂದ ಬರೋದು ರ‍್ಯಾಕ್ ಅಂಡ್ ಪಿನಿಯನ್, ಅದು ಚಾಸಿ ಮೇಲೆ ಕೂತಿರೋದು. ಇಡೀ ಆಕ್ಸಲ್ಲೇ ಮೇಲೆ ಕೆಳಗೆ ಓಡಾಡೋವಾಗ ಅದು ನಡಿಯಲ್ಲ, ಸ್ಟೇರಿಂಗ್ ಬಾಕ್ಸ್ ಬೇಕು. ಬಾಕ್ಸ್ ಬಲಗಡೆ ರೈಲ್‌ಗೆ, ಅಲ್ಲಿಂದ ಡ್ರ್ಯಾಗ್ ಲಿಂಕ್ ಅಡ್ಡಕ್ಕೆ ಎಡಗಡೆ ನಕಲ್‌ಗೆ. ಈ ಲಿಂಕ್ ಎಷ್ಟು ಉದ್ದ, ಎಷ್ಟು ಸಮತಟ್ಟು ಇದ್ಯೋ ಗುಂಡಿಗೆ ಇಳಿದಾಗ ಸ್ಟೇರಿಂಗ್ ಅಷ್ಟು ಕಮ್ಮಿ ಎಳೆಯುತ್ತೆ.

ಬೇರೆ ಕಡೆ ಕನ್ವರ್ಟ್ ಮಾಡಿಸಿದ್ದ ಒಂದು ಪಿಕಪ್ ನಮ್ಮ ಹತ್ರ ಬಂದಿತ್ತು, ಸ್ವಲ್ಪ ಸ್ಪೀಡ್ ಹಿಡಿದು ಗುಂಡಿಗೆ ಬಿದ್ರೆ ಸಾಕು ಮುಂದಿನ ಎರಡೂ ಚಕ್ರ ಹುಚ್ಚು ಹಿಡಿದ ಹಾಗೆ ಒದ್ದಾಡೋದು, ನಿಲ್ಸೋವರ್ಗೂ ನಿಲ್ತಿರ್ಲಿಲ್ಲ. ಓನರ್ ಅದಕ್ಕೆ ಸ್ಟೇರಿಂಗ್ ಅದುರೋದು ತಡೆಯೋ ಡ್ಯಾಂಪರ್ ಹಾಕಿಸಿ ಹಾಕಿಸಿ ಸಾಕಾಗಿದ್ರು. ಕೆಳಗೆ ಮಲ್ಕೊಂಡು ನೋಡಿದ್ರೆ ಡ್ರ್ಯಾಗ್ ಲಿಂಕ್ ಏಣಿ ಹಾಗೆ ಓರೆ ನಿಂತಿದೆ, ಕ್ಯಾಸ್ಟರ್ ಸೊನ್ನೆ ಹತ್ರ. ಬಾಕ್ಸ್‌ನ ಮೂರು ಬೋಲ್ಟು ಖಾಲಿ ರೈಲ್‌ಗೆ ನೇರವಾಗಿ ಬಿಗಿದಿದ್ರು, ಬಿಗಿದ ಕಡೆ ತಗಡು ಒಳಕ್ಕೆ ತಗ್ಗಾಗಿ, ಮೇಲಿನ ತೂತಿನ ಅಂಚಿಂದ ಕೂದಲೆಳೆ ಬಿರುಕು ಎದ್ದು ರೈಲ್‌ನ ಬಾಗು ತನಕ ಹೋಗಿತ್ತು. ಪೇಂಟ್ ಮೇಲೆ ತುಕ್ಕಿನ ಸಣ್ಣ ಗೆರೆ ಬಿಟ್ರೆ ಬೇರೆ ಏನೂ ಕಾಣ್ತಿರ್ಲಿಲ್ಲ. ನನಗೆ ನಿಜವಾಗ್ಲೂ ಹೊಟ್ಟೆ ತೊಳೆಸಿದ ಹಾಗಾಯ್ತು, ಆ ಗಾಡೀಲಿ ಅವರ ಮಕ್ಕಳೂ ಕೂತು ಓಡಾಡಿದ್ರು. ಡ್ಯಾಂಪರ್ ಇಂಥ ರೋಗ ಮುಚ್ಚಿಡುತ್ತೆ ಹೊರತು ವಾಸಿ ಮಾಡಲ್ಲ.

ಅದಕ್ಕೇ ಬಾಕ್ಸ್ ಕೂರಿಸೋ ಕಡೆ ರೈಲ್ ಒಳಗೆ ಆರ್‌ಪಾರ್ ದಪ್ಪ ಪೈಪ್ ತುಂಡು ಹಾಕಿ ವೆಲ್ಡ್ ಮಾಡಿ, ಅದರೊಳಗೆ ಬೋಲ್ಟ್ ಹೋಗೋ ಹಾಗೆ ಮಾಡಿ, ಎರಡೂ ಪಕ್ಕ ಪ್ಲೇಟ್. ಪ್ಲೇಟ್‌ನ ಎರಡು ತುದಿ ಚೂಪು ಮಾಡಿ, ರೈಲ್‌ಗೆ ಅಡ್ಡಕ್ಕೆ ನೆಟ್ಟಗೆ ವೆಲ್ಡ್ ಗೆರೆ ಎಳೀಬೇಡಿ, ಬಿರುಕು ಹುಟ್ಟೋದೇ ಅಲ್ಲಿ.

ಡ್ರ್ಯಾಗ್ ಲಿಂಕ್ ಸಮತಟ್ಟು ಮಾಡೋಕೆ ನಕಲ್ ಮೇಲೆ ಎತ್ತರದ ಆರ್ಮ್ ಬೇಕಾಯ್ತು. ಅದನ್ನ ಮಾಡಿಕೊಟ್ಟಿದ್ದು ಕೆಜಿಎಫ್‌ನ ಒಬ್ಬ ಟರ್ನರ್, ವಯಸ್ಸಾಗಿದೆ, 2001ರಲ್ಲಿ ಚಿನ್ನದ ಗಣಿ ಮುಚ್ಚೋವರ್ಗೂ ಗಣಿಯ ವರ್ಕ್‌ಶಾಪಲ್ಲೇ ಇದ್ದೋರು, ಈಗ ರಾಬರ್ಟ್‌ಸನ್‌ಪೇಟೇಲಿ ಸಣ್ಣ ಲೇತ್. ದುಡ್ಡು ಉಳಿಯುತ್ತೆ, ಎರಡು ತುಂಡು ವೆಲ್ಡ್ ಮಾಡಿ ಆರ್ಮ್ ಮಾಡ್ಬೋದಲ್ವಾ ಅಂತ ಗೌಡ್ರು ಕೇಳಿದ್ರು. "ಸಾಮಿ, ಕ್ರೇಟು ಹೊರೋ ಬಾಡಿ ಬೇಕಾದ್ರೆ ತುಂಡು ತುಂಡು ಸೇರಿಸಿ, ಇದು ಮನುಷ್ಯನ್ನ ಹೊರೋದು" ಅಂದು ಇಎನ್ 19 ಅನ್ನೋ ಗಟ್ಟಿ ಸ್ಟೀಲಿನ ಒಂದೇ ತುಂಡಿಂದ ತೆಗೆದುಕೊಟ್ರು. ಬಾಲ್ ಜಾಯಿಂಟ್ ಕೂರೋ ಟೇಪರ್‌ಗೆ ಗುರುತಿಗೆ ನೀಲಿ ಬಣ್ಣ ಹಚ್ಚಿ, ಜಾಯಿಂಟ್ ಇಟ್ಟು ತಿರುಗಿಸಿ, ಸುತ್ತ ಒಂದೇ ಸಮ ನೀಲಿ ಹತ್ತೋವರ್ಗೂ ರೀಮರ್ ಬಿಡ್ಲಿಲ್ಲ. ಟೈ ರಾಡ್‌ಗೂ ದಪ್ಪ ಸೀಮ್‌ಲೆಸ್ ಪೈಪೇ, ನೀರಿನ ಜಿಐ ಪೈಪ್ ಹಾಕಿರೋದೂ ನೋಡಿದೀನಿ, ದಯವಿಟ್ಟು ಬೇಡ. ಟೈ ರಾಡ್ ಎಂಡ್, ಕಿಂಗ್ ಪಿನ್ ಬೇರಿಂಗ್ ಎಲ್ಲಾ ಹೊಸದು.

ಬ್ರೇಕ್ ಚಿಕ್ಕದಾಗಿ ಹೇಳ್ಬಿಡ್ತೀನಿ. ಡಿಸ್ಕ್ ಇದ್ದ ಗಾಡಿಗೆ ಡ್ರಮ್ ಆಕ್ಸಲ್ ಬಂದ್ರೆ ಮಾಸ್ಟರ್ ಸಿಲಿಂಡರ್ ಲೆಕ್ಕ ತಪ್ಪುತ್ತೆ, ಅದಕ್ಕೇ ನಾವು ಬ್ರಾಕೆಟ್ ಮಾಡಿಸಿ ಡಿಸ್ಕೇ ಉಳಿಸ್ಕೊಂಡ್ವಿ. ಬ್ರೇಕ್ ಹೋಸ್ ಉದ್ದ, ಚಕ್ರ ಪೂರ್ತಿ ಕೆಳಗೆ ಜೋತುಬಿದ್ದು ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಎಳೆತ ಇಲ್ದಷ್ಟು ಇರ್ಬೇಕು. ಮುಂದಿನ ಶಾಫ್ಟನ್ನೂ ಅದೇ ಸ್ಥಿತೀಲಿ ಕೈಯಲ್ಲಿ ತಿರುಗಿಸಿ ನೋಡಿ, ಕ್ರಾಸ್ ಎಲ್ಲೂ ಯೋಕ್‌ಗೆ ತಾಗ್ಬಾರ್ದು, ಸ್ಲಿಪ್ ಜಾಯಿಂಟ್ ಕಳಚಿಕೊಳ್ಳೋ ಹಾಗೆ ಹೊರಗೆ ಬರ್ಬಾರ್ದು.

ಬಜೆಟ್ ಮೀರ್ಲಿಲ್ಲ. ಉಳಿಸಿದ್ದು ಆಕ್ಸಲ್‌ನಲ್ಲಿ, ಲೀಫಲ್ಲಿ, ಪೇಂಟಲ್ಲಿ, ಬಂಪರ್ ಹಳೇದೇ ನಿಂತ್ಕೊಂಡಿದೆ. ಗಾಡಿ ಕೊಡೋವಾಗ ಗೌಡ್ರ ಡ್ರೈವರ್ ಹುಡುಗನ್ನ ಕೆಳಗೆ ಮಲಗಿಸಿ ಒಂದೊಂದೇ ತೋರಿಸಿದೆ. ಯು ಬೋಲ್ಟ್ ಹೊಸದೇ ಹಾಕಿದೀವಿ, ಆದ್ರೂ ಮೊದಲ ಲೋಡ್ ಇಳಿಸಿದ ಮೇಲೆ ಲೀಫ್ ಒತ್ತಿಕೊಂಡು ಅದು ಸಡಿಲ ಆಗೇ ಆಗುತ್ತೆ, ಅವತ್ತೇ ಬಿಗೀಬೇಕು, ಒಂದು ವಾರ ಬಿಟ್ಟು ಮತ್ತೆ ಬಿಗೀಬೇಕು, ಸಡಿಲ ಬಿಟ್ರೆ ಸೆಂಟರ್ ಬೋಲ್ಟ್ ಕಟ್ ಆಗಿ ಆಕ್ಸಲ್ ಜಾಗ ಬಿಡುತ್ತೆ. ಸ್ಟೇರಿಂಗ್ ಬಾಕ್ಸ್ ಬೋಲ್ಟ್‌ಗಳಿಗೆ ಹಳದಿ ಪೇಂಟಲ್ಲಿ ಗೆರೆ ಎಳೆದು ಕೊಟ್ಟಿದೀನಿ, ಗೆರೆ ಮುರಿದಿದ್ರೆ ಬೋಲ್ಟ್ ತಿರುಗಿದೆ ಅಂತ ಅರ್ಥ, ಆಗ ಗಾಡಿ ಅಲ್ಲೇ ನಿಲ್ಸಿ ನನಗೆ ಫೋನ್ ಮಾಡು, ನಾನೇ ಬರ್ತೀನಿ ಅಂದಿದೀನಿ.